ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ನಿರ್ವಹಣೆ ಮತ್ತು ಟ್ಯೂನಿಂಗ್: ಎಂ.ಜಿ.ಬಿ. ಮಾದರಿಯನ್ನು ಕುರಿತ ಸಾರ್ವಜನಿಕ ಮಾಹಿತಿ

ಪೀಠಿಕೆ

ಇಂಗ್ಲೆಂಡಿನ ಅಬಿಂಗ್ಡನ್ ಪಟ್ಟಣದ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರು ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಪೈಕಿ ಅತ್ಯಂತ ಹೆಚ್ಚು ಪ್ರಚಲಿತವಾದವುಗಳಲ್ಲಿ ಒಂದಾಗಿರುತ್ತದೆ. ಪ್ರಾರಂಭದಲ್ಲಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಹಾಗೂ ತದನಂತರ ಬ್ರಿಟಿಷ್ ಲೇಲ್ಯಾಂಡ್ ಸಂಸ್ಥೆಯ ಅಧೀನದಲ್ಲಿ 5 ಲಕ್ಷಕ್ಕೂ ಮಿಗಿಲಾದ ಕಾರುಗಳು ತಯಾರಾಗಿದ್ದು, ಬಿಡಿಭಾಗಗಳು ಇಂದಿಗೂ ಬ್ರಿಟನ್ನಿನಲ್ಲಿ ದೊರೆಯುತ್ತವೆ. ಇದರ 1798 ಸಿ.ಸಿ. ಸಾಮರ್ಥ್ಯದ ನಾಲ್ಕು ಸಿಲಿಂಡರಿನ ಎಂಜಿನ್ 'ಬಿ' ಶ್ರೇಣಿಗೆ ಸೇರಿದುದಾಗಿದೆ. ನಮ್ಮ ಅಂಬಾಸಿಡರ್ ಕಾರಿನಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ 1489 ಸಿ.ಸಿ. ಎಂಜಿನ್ ಸಹ ಇದೇ ಶ್ರೇಣಿಯದು. ಆದ್ದರಿಂದ ಅಂಬಾಸಿಡರ್ ಕೆಲಸದಲ್ಲಿ ಪಳಗಿದ ಹಿರಿಯ ಮೆಕ್ಯಾನಿಕ್‌ಗಳಿಗೆ ಎಂ.ಜಿ.ಬಿ. ಎಂಜಿನ್ ಸಂಪೂರ್ಣ ಅಪರಿಚಿತವೇನಲ್ಲ.

ಟ್ಯೂನಿಂಗ್ ಎಂಬ ಪದದ ಅರ್ಥ

ಟ್ಯೂನಿಂಗ್ ಎಂದರೆ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವುದು ಎಂಬ ಅಭಿಪ್ರಾಯ ಸಾರ್ವಜನಿಕರಲ್ಲಿದೆ. ಹಳೆಯ ಕಾರಿನ ಮಟ್ಟಿಗೆ ಇದು ಸರಿಯಲ್ಲ. ತಯಾರಕರು ನಿಗದಿಪಡಿಸಿದ ಅಳತೆಗಳಿಗೆ ಎಂಜಿನ್ನನ್ನು ಮರಳಿ ತರುವುದೇ ಇಲ್ಲಿ ಟ್ಯೂನಿಂಗ್. ಐವತ್ತು ವರ್ಷ ದಾಟಿದ ಕಾರಿನಲ್ಲಿ ಈ ಅಳತೆಗಳೆಲ್ಲವೂ ಒಮ್ಮೆಗೇ ಸರಿಯಾಗಿರುವುದು ಅಪರೂಪವಾದ್ದರಿಂದ, ಅವುಗಳನ್ನು ಸರಿಪಡಿಸಿದ ಮಾತ್ರಕ್ಕೇ ಕಾರಿನ ಓಟ ಗಣನೀಯವಾಗಿ ಸುಧಾರಿಸುತ್ತದೆ.

ಮೊದಲು ಬ್ರೇಕು, ನಂತರ ಎಂಜಿನ್

ಓಡುವ ಶಕ್ತಿಗಿಂತ ನಿಲ್ಲುವ ಶಕ್ತಿಯನ್ನು ಮೊದಲು ಪರಿಶೀಲಿಸತಕ್ಕದ್ದು. ಎಂ.ಜಿ.ಬಿ. ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಗೂ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕುಗಳಿರುತ್ತವೆ. ಪ್ರಾರಂಭದ ವರ್ಷಗಳ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಹೈಡ್ರಾಲಿಕ್ ಮಾರ್ಗವಿದೆ. ಒಂದು ರಬ್ಬರ್ ಪೈಪು ಒಡೆದರೆ ಕಾಲಿನ ಬ್ರೇಕು ಪೂರ್ತಿಯಾಗಿ ನಿಷ್ಕ್ರಿಯವಾಗುತ್ತದೆ, ಕೈ ಬ್ರೇಕು ಮಾತ್ರ ಉಳಿಯುತ್ತದೆ. ಬ್ರೇಕ್ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ತೇವ ಸೇರಿದ ದ್ರವ ಇಳಿಜಾರಿನಲ್ಲಿ ಬಿಸಿಯಾಗಿ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಕಾರು ಓಡಿರಲಿ, ನಿಂತಿರಲಿ, ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಿಸುವುದು ಸೂಕ್ತ. ಮೇಲೆ ಬಿರುಕು ಕಾಣಿಸದಿದ್ದರೂ ಹಳೆಯ ರಬ್ಬರ್ ಪೈಪುಗಳು ಒಳಗೆ ಊದಿಕೊಂಡು ಬ್ರೇಕು ಹಿಡಿದೇ ಇರುವಂತೆ ಮಾಡುವುದುಂಟು. ಹಿಂದಿನ ಡ್ರಮ್‌ಗಳನ್ನು ಹಿಂಬದಿಯ ಚೌಕ ತಲೆಯ ತಿರುಪಿನಿಂದ ಚಕ್ರ ಹಿಡಿಯುವವರೆಗೆ ಬಿಗಿಮಾಡಿ, ಚಕ್ರ ಸಲೀಸಾಗಿ ತಿರುಗುವಷ್ಟು ಮಾತ್ರ ಸಡಿಲಿಸಬೇಕು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿರುವುದರಿಂದ ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದಾಗಲಿ, ಏರ್ ಪೈಪಿನಿಂದಾಗಲಿ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಬ್ರಿಟನ್ನಿನಲ್ಲಿ 40 ವರ್ಷ ಮೀರಿದ, ಗಣನೀಯ ಮಾರ್ಪಾಡಾಗದ ಕಾರುಗಳಿಗೆ 2018ರ ಮೇ ತಿಂಗಳಿನಿಂದ ವಾರ್ಷಿಕ ಪರೀಕ್ಷೆಯಿಂದ ವಿನಾಯಿತಿ ಇದೆ. ವಿನಾಯಿತಿ ಇರುವುದು ಪರೀಕ್ಷೆಗೇ ಹೊರತು ಜವಾಬ್ದಾರಿಗಲ್ಲ. ಕಾರು ರಸ್ತೆಗೆ ಯೋಗ್ಯವಾಗಿರುವಂತೆ ನೋಡಿಕೊಳ್ಳುವ ಹೊಣೆ ಮಾಲೀಕರದ್ದೇ ಆಗಿದೆ. ಬೇರೆಯವರು ನೋಡುವುದಿಲ್ಲವೆಂದಾಗ ತಾನು ನೋಡುವುದೂ ತಪ್ಪುತ್ತದೆ, ಇದು ಎಲ್ಲ ಕಡೆ ಇರುವ ಸಂಗತಿ.

ಕಿಂಗ್‌ಪಿನ್, ತುಕ್ಕು ಮತ್ತು ಆಯಿಲ್

ಮುಂದಿನ ಚಕ್ರಗಳು ತಿರುಗುವ ಕಿಂಗ್‌ಪಿನ್‌ಗಳಿಗೆ 3000 ಮೈಲಿಗೊಮ್ಮೆ ಗ್ರೀಸ್ ಹಾಕುವಂತೆ ತಯಾರಕರು ಸೂಚಿಸಿರುತ್ತಾರೆ. ಚಕ್ರವನ್ನು ನೆಲದಿಂದ ಎತ್ತಿ ಭಾರ ಇಳಿಸಿದ ನಂತರ ಗ್ರೀಸ್ ಗನ್ ಹಿಡಿದರೆ ಮಾತ್ರ ಗ್ರೀಸು ಎಲ್ಲೆಡೆ ತಲುಪುತ್ತದೆ. ಜಾಕನ್ನು ಮಾತ್ರ ನಂಬಿ ಯಾವ ಕಾರಣಕ್ಕೂ ಕಾರಿನ ಕೆಳಗೆ ಹೋಗಬಾರದು, ಸ್ಟ್ಯಾಂಡುಗಳನ್ನು ಕೊಡತಕ್ಕದ್ದು. ಕಡ್ಡಿ ಚಕ್ರಗಳಿದ್ದಲ್ಲಿ ಹಬ್ಬಿನ ಹಲ್ಲುಗಳು ಸವೆದಿವೆಯೇ ಎಂಬುದನ್ನು ಚಕ್ರ ಬಿಚ್ಚಿದಾಗಲೆಲ್ಲ ನೋಡಿ, ಶುಚಿಮಾಡಿ, ತೆಳುವಾಗಿ ಗ್ರೀಸ್ ಸವರಬೇಕು.

ಹಿಂದಿನ ಎಂ.ಜಿ.ಎ. ಮಾದರಿಗೆ ಪ್ರತ್ಯೇಕ ಚಾಸಿಸ್ ಇತ್ತು. ಎಂ.ಜಿ.ಬಿ.ಗೆ ಅದಿಲ್ಲ, ಬಾಡಿಯೇ ಚಾಸಿಸ್. ಬಾಗಿಲಿನ ಕೆಳಗಿನ ಸಿಲ್ ಎಂಬ ಪೆಟ್ಟಿಗೆಯಾಕಾರದ ಭಾಗ ತುಕ್ಕು ಹಿಡಿದರೆ ಕಾರಿನ ಬೆನ್ನೆಲುಬೇ ಹೋದಂತೆ. ಪುಟ್ಟಿ ಮೆತ್ತಿ ಬಣ್ಣ ಬಳಿದ ಸಿಲ್‌ಗಳು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತವೆ. ಕೊಳ್ಳುವವರು ಆಯಸ್ಕಾಂತ ಇಟ್ಟು ನೋಡುವುದು ಹಾಗೂ ಬಾಗಿಲು ತೆರೆದು ಮುಚ್ಚಿ ಸಂದು ಸಮನಾಗಿದೆಯೇ ಎಂದು ಪರೀಕ್ಷಿಸುವುದು ಲಾಭಕರ.

ಎಂಜಿನ್ನಿಗೆ 20ಡಬ್ಲ್ಯು-50 ಆಯಿಲ್ ಸೂಕ್ತ. ಎಂಜಿನ್ ಬಿಸಿಯಾಗಿ ಓಡುವಾಗ ಆಯಿಲ್ ಒತ್ತಡ ಚದರ ಇಂಚಿಗೆ 50ರಿಂದ 80 ಪೌಂಡ್ ಇರಬೇಕು. ಐಡ್ಲಿಂಗಿನಲ್ಲಿ 10ರಿಂದ 25ಕ್ಕೆ ಇಳಿದರೆ ಗಾಬರಿಪಡಬೇಕಾಗಿಲ್ಲ. ನಾಲ್ಕು ಗೇರಿನ ಗೇರ್‌ಬಾಕ್ಸಿಗೂ ಎಂಜಿನ್ ಆಯಿಲನ್ನೇ ತುಂಬಬೇಕೆಂಬುದನ್ನು ಅನೇಕರು ಮರೆತು ಗೇರ್ ಆಯಿಲ್ ಹಾಕುತ್ತಾರೆ, ಇದರಿಂದ ಓವರ್‌ಡ್ರೈವ್ ಇರುವ ಕಾರುಗಳಲ್ಲಿ ದುಬಾರಿ ರಿಪೇರಿ ಬರಬಹುದು. ಗೇರ್ ಆಯಿಲ್ ಹಿಂದಿನ ಆಕ್ಸಲ್ಲಿಗೆ ಮಾತ್ರ.

ಟ್ಯೂನಿಂಗಿನ ಕ್ರಮ

ಕಾರು ಎಳೆಯುತ್ತಿಲ್ಲವೆಂದರೆ ಬಹುತೇಕರು ಮೊದಲು ಕಾರ್ಬ್ಯುರೇಟರಿಗೆ ಕೈ ಹಾಕುತ್ತಾರೆ. ಕಾರ್ಬ್ಯುರೇಟರ್ ಕಟ್ಟಕಡೆಯದಾಗಿರಬೇಕು. ಟ್ಯಾಪೆಟ್, ಪ್ಲಗ್, ಪಾಯಿಂಟ್, ಟೈಮಿಂಗ್ ಇವುಗಳ ಪೈಕಿ ಒಂದು ತಪ್ಪಿದ್ದರೂ ಕಾರ್ಬ್ಯುರೇಟರಿನ ಹೊಂದಾಣಿಕೆ ಆ ತಪ್ಪನ್ನು ಮುಚ್ಚುವ ಇನ್ನೊಂದು ತಪ್ಪಾಗುತ್ತದೆ. ಮೂಲ ನಮೂದು ತಪ್ಪಿರುವ ಲೆಕ್ಕದಲ್ಲಿ ಕೊನೆಯ ಮೊತ್ತವನ್ನು ತಿದ್ದಿ ತಾಳೆ ಮಾಡಿದಂತೆ ಇದು.

ಮೊದಲಿಗೆ ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಸಂದನ್ನು 0.015 ಇಂಚಿಗೆ, ಅಂದರೆ 0.38 ಮಿ.ಮೀ.ಗೆ ಇಡಬೇಕು. ಇದಕ್ಕೆ ಸುಲಭ ಸೂತ್ರ 9ರ ಲೆಕ್ಕ. ಎಂಟು ವಾಲ್ವುಗಳಿಗೆ ಮುಂದಿನಿಂದ 1ರಿಂದ 8ರವರೆಗೆ ಸಂಖ್ಯೆ ಕೊಟ್ಟರೆ, 8ನೆಯದು ಪೂರ್ತಿ ತೆರೆದಿರುವಾಗ 1ನೆಯದನ್ನೂ, 6ನೆಯದು ತೆರೆದಿರುವಾಗ 3ನೆಯದನ್ನೂ ಹೊಂದಿಸಬೇಕು. ಎರಡೂ ಸಂಖ್ಯೆ ಕೂಡಿದರೆ ಯಾವಾಗಲೂ 9 ಬರುತ್ತದೆ. ಪ್ಲಗ್ಗಿನ ಸಂದು 0.025 ಇಂಚು ಹಾಗೂ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸಂದು 0.014ರಿಂದ 0.016 ಇಂಚು. ಕಿಡಿಯ ಅನುಕ್ರಮ 1-3-4-2. ಪ್ರಾರಂಭದ ಹೆಚ್ಚು ಕಂಪ್ರೆಷನ್ನಿನ ಎಂಜಿನ್ನುಗಳಿಗೆ ನಿಂತ ಸ್ಥಿತಿಯಲ್ಲಿ ಟೈಮಿಂಗ್ ಪಿಸ್ಟನ್ ಮೇಲ್ತುದಿ ತಲುಪುವ 10 ಡಿಗ್ರಿ ಮೊದಲು. ನಂತರದ ವರ್ಷಗಳ ಎಂಜಿನ್ನುಗಳಿಗೆ ಅಳತೆಗಳು ಬೇರೆಯಾದ್ದರಿಂದ ಎಂಜಿನ್ ಸಂಖ್ಯೆಯನ್ನು ಕೈಪಿಡಿಯೊಂದಿಗೆ ತಾಳೆ ನೋಡುವುದು ಅವಶ್ಯ.

1967ರವರೆಗಿನ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ಇಂದಿನ ಕಾರುಗಳ ಅಭ್ಯಾಸದಿಂದ ಉಲ್ಟಾ ಜೋಡಿಸಿದರೆ, ಅಥವಾ ಪಾಯಿಂಟಿನ ಬದಲಿಗೆ ನೆಗೆಟಿವ್ ಅರ್ತಿಂಗಿನ ಎಲೆಕ್ಟ್ರಾನಿಕ್ ಸಾಧನ ಅಳವಡಿಸಿದರೆ, ಸಾಧನ ಸುಟ್ಟುಹೋಗುತ್ತದೆ. ಇನ್ನು ಸ್ಪ್ಯಾನರ್ ವಿಷಯ: ಬೋಲ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚಿನ ಬೋಲ್ಟಿಗೆ 13 ಮಿ.ಮೀ. ಸ್ಪ್ಯಾನರ್ ಕೂರುವಂತೆ ಕಂಡರೂ ಬಿಗಿಯಾದ ಬೋಲ್ಟಿನ ಮೂಲೆ ಸವೆದು ಉರುಟಾಗುತ್ತದೆ.

ಎಸ್.ಯು. ಕಾರ್ಬ್ಯುರೇಟರುಗಳು

ಮೇಲಿನದೆಲ್ಲ ಮುಗಿದ ಬಳಿಕವೇ ಜೋಡಿ ಎಸ್.ಯು. ಕಾರ್ಬ್ಯುರೇಟರುಗಳನ್ನು ಮುಟ್ಟಬೇಕು. (ಅಮೆರಿಕಕ್ಕೆ ಹೋದ 1975ರ ನಂತರದ ಕಾರುಗಳಲ್ಲಿ ಒಂದೇ ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್ ಇರುತ್ತದೆ.) ಎಸ್.ಯು. ರಚನೆ ಸರಳ. ಎಂಜಿನ್ ಗಾಳಿ ಎಳೆದಷ್ಟೂ ಒಳಗಿನ ಪಿಸ್ಟನ್ ಮೇಲೇರುತ್ತದೆ. ಅದಕ್ಕೆ ಅಂಟಿಕೊಂಡ ಮೊನಚಾದ ಸೂಜಿ ಜೆಟ್ಟಿನಿಂದ ಮೇಲೆದ್ದು ಹೆಚ್ಚು ಪೆಟ್ರೋಲ್ ಬಿಡುತ್ತದೆ. ಮೇಲಿನ ಡ್ಯಾಂಪರಿನಲ್ಲಿರುವ ತೆಳು ಆಯಿಲ್ ಪಿಸ್ಟನ್ ಥಟ್ಟನೆ ಏರದಂತೆ ತಡೆಯುತ್ತದೆ. ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ ತಡವರಿಸಿದರೆ ಮೊದಲು ಈ ಆಯಿಲ್ ಇದೆಯೇ ಎಂದು ನೋಡುವುದು. ಎಷ್ಟೋ ಸಲ ತೊಂದರೆ ಅಷ್ಟೇ ಇರುತ್ತದೆ.

ಹೊಂದಾಣಿಕೆಯನ್ನು ಎಂಜಿನ್ ಪೂರ್ತಿ ಬಿಸಿಯಾದ ನಂತರ ಮಾಡತಕ್ಕದ್ದು. ಪ್ರಾರಂಭಿಕ ನೆಲೆಯಾಗಿ ಜೆಟ್ಟನ್ನು ಪೂರ್ತಿ ಮೇಲೆ ತಂದು, ಅಡಿಯ ಆರು ಮುಖದ ನಟ್ಟನ್ನು ಎರಡು ಸುತ್ತು, ಅಂದರೆ 12 ಮುಖದಷ್ಟು ಕೆಳಗಿಳಿಸಬೇಕು. ಎರಡೂ ಕಾರ್ಬ್ಯುರೇಟರುಗಳ ಬಾಯಿಗೆ ಸಣ್ಣ ರಬ್ಬರ್ ಕೊಳವೆ ಹಿಡಿದು ಗಾಳಿಯ ಸದ್ದನ್ನು ಕೇಳಿ, ಎರಡರ ಸದ್ದೂ ಸಮನಾಗುವವರೆಗೆ ಥ್ರಾಟಲ್ ತಿರುಪುಗಳನ್ನು ಹೊಂದಿಸಬೇಕು. ಬಳಿಕ ಪಿಸ್ಟನ್ನನ್ನು ಎತ್ತುವ ಪಿನ್ನಿನಿಂದ ಒಂದು ಮಿ.ಮೀ.ಗೂ ಕಡಿಮೆ ಎತ್ತಿ ನೋಡುವುದು. ಎಂಜಿನ್ನಿನ ವೇಗ ಹೆಚ್ಚಿ ಹಾಗೆಯೇ ಉಳಿದರೆ ಪೆಟ್ರೋಲ್ ಅಧಿಕ, ನಟ್ಟನ್ನು ಮೇಲೇರಿಸಬೇಕು. ಎಂಜಿನ್ ನಿಂತುಹೋಗುವಂತಾದರೆ ಪೆಟ್ರೋಲ್ ಸಾಲದು, ಕೆಳಗಿಳಿಸಬೇಕು. ಕ್ಷಣಕಾಲ ತುಸು ಏರಿ ಮೊದಲಿನಂತಾದರೆ ಸರಿಯಾಗಿದೆ. ಒಂದು ಸಲಕ್ಕೆ ಒಂದು ಮುಖದಷ್ಟು ಮಾತ್ರ ತಿರುಗಿಸಿ, ತಿರುಗಿಸಿದ್ದನ್ನು ಪುಸ್ತಕದಲ್ಲಿ ದಿನಾಂಕದೊಡನೆ ಬರೆದಿಡುವುದು ಉತ್ತಮ. ಬರೆದಿಡದವರು ಸಂಜೆಯ ಹೊತ್ತಿಗೆ ಎಲ್ಲಿಂದ ಹೊರಟೆವೆಂಬುದನ್ನೇ ಮರೆತಿರುತ್ತಾರೆ.

ಇಂದಿನ ಪೆಟ್ರೋಲ್

ಸೀಸಯುಕ್ತ ಪೆಟ್ರೋಲ್ ಬ್ರಿಟನ್ನಿನಲ್ಲಿಯೂ ಭಾರತದಲ್ಲಿಯೂ 2000ನೇ ಇಸವಿಯಲ್ಲಿ ನಿಂತಿತು. ಹಿಂದೆ ಸೀಸದ ತೆಳುಪದರ ಎಗ್ಸಾಸ್ಟ್ ವಾಲ್ವಿನ ಆಸನವನ್ನು ಕಾಯುತ್ತಿತ್ತು. ಈಗ ಮೂಲ ಎರಕದ ಕಬ್ಬಿಣದ ಹೆಡ್ಡಿನಲ್ಲಿ, ಹೆಚ್ಚು ವೇಗದಲ್ಲಿ ದೂರ ಓಡಿಸಿದಾಗ, ವಾಲ್ವು ಕ್ರಮೇಣ ಒಳಗೆ ಕುಸಿದು ಟ್ಯಾಪೆಟ್ ಸಂದು ಮುಚ್ಚುತ್ತದೆ. ಸಂದು ಪದೇ ಪದೇ ಕಡಿಮೆಯಾಗುತ್ತಿದ್ದರೆ ಹೆಡ್ಡು ಬಿಚ್ಚಿದಾಗ ಗಟ್ಟಿ ಉಕ್ಕಿನ ಆಸನ ಹಾಕಿಸಬೇಕು. ಅದಕ್ಕಾಗಿಯೇ ಹೆಡ್ಡು ಬಿಚ್ಚುವ ಅವಶ್ಯಕತೆ ಎಲ್ಲ ಕಾರುಗಳಿಗೂ ಇರುವುದಿಲ್ಲ.

ಎಥನಾಲ್ ವಿಷಯ ಹೆಚ್ಚು ಗಂಭೀರವಾದುದು. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಶೇ. 10ರವರೆಗೆ ಎಥನಾಲ್ ಇರುವ ಪೆಟ್ರೋಲ್ ಸಾಮಾನ್ಯ ದರ್ಜೆಯಾಯಿತು. ಹಳೆಯ ಕಾರುಗಳಿಗಾಗಿ ಶೇ. 5ರ ಮಿತಿಯ ದುಬಾರಿ ದರ್ಜೆಯನ್ನು ಉಳಿಸಿಕೊಳ್ಳಲಾಯಿತು. ಭಾರತದಲ್ಲಿ 2025ರ ಹೊತ್ತಿಗೆ ಶೇ. 20ರ ಮಿಶ್ರಣ ಬಂಕುಗಳಲ್ಲಿ ವ್ಯಾಪಕವಾಯಿತು. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ. ಎಂ.ಜಿ.ಬಿ. ಎಂಜಿನ್ನಿನಲ್ಲಿ ಕಾರ್ಬ್ಯುರೇಟರುಗಳು ಸುಡುವ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ನೇರ ಮೇಲಿವೆ. ಸೋರಿದ ಪೆಟ್ರೋಲಿಗೆ ಬೆಂಕಿ ಹತ್ತಲು ಬೇರೇನೂ ಬೇಕಿಲ್ಲ. ಆದ್ದರಿಂದ ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ರಬ್ಬರ್ ಪೈಪುಗಳೆಲ್ಲವನ್ನೂ ಎಥನಾಲ್ ತಡೆಯುವ ದರ್ಜೆಯವುಗಳಿಗೆ ಬದಲಿಸತಕ್ಕದ್ದು. ಮಧ್ಯದ ಶಾಖ ತಡೆಯುವ ತಗಡನ್ನು ತೆಗೆದುಹಾಕಬಾರದು. ಇಗ್ನಿಷನ್ ಹಾಕಿದಾಗ ಹಿಂದಿನ ಎಲೆಕ್ಟ್ರಿಕ್ ಪಂಪು ಕೆಲವು ಸಲ ಟಕಟಕ ಎಂದು ನಿಲ್ಲಬೇಕು. ಎಂಜಿನ್ ಓಡದಿದ್ದಾಗಲೂ ಸದ್ದು ನಿಲ್ಲದಿದ್ದರೆ ಎಲ್ಲೋ ಸೋರಿಕೆಯಿದೆ ಅಥವಾ ಟ್ಯಾಂಕು ಖಾಲಿಯಾಗಿದೆ ಎಂದರ್ಥ. ಪೆಟ್ರೋಲ್ ವಾಸನೆಯಿದ್ದಲ್ಲಿ ಕಾರನ್ನು ಚಾಲೂ ಮಾಡಬಾರದು. ಎಥನಾಲ್ ಮಿಶ್ರಣದಲ್ಲಿ ಎಂಜಿನ್ನಿಗೆ ಪೆಟ್ರೋಲ್ ಸಾಲದಂತಾಗುವುದರಿಂದ ಜೆಟ್ಟನ್ನು ಒಂದೆರಡು ಮುಖ ಕೆಳಗಿಳಿಸಬೇಕಾಗಬಹುದು. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನಲ್ಲಿ ಹಳೆಯ ಪೆಟ್ರೋಲನ್ನು ಬಿಡಬಾರದು.

ಮಾರ್ಪಾಡು ಮತ್ತು ನೋಂದಣಿ

ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ವಾಹನಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸಲು 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತರಲಾಯಿತು. ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಾದ ವಾಹನಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಹೆಚ್ಚಿನ ಶಕ್ತಿಗಾಗಿ ಬೇರೆ ಎಂಜಿನ್ ಕೂರಿಸಿದ ಎಂ.ಜಿ.ಬಿ. ಈ ಅವಕಾಶವನ್ನು ಕಳೆದುಕೊಳ್ಳುತ್ತದೆ. ಟ್ಯಾಪೆಟ್, ಟೈಮಿಂಗ್, ಕಾರ್ಬ್ಯುರೇಟರ್ ಹೊಂದಾಣಿಕೆಗಳು ದೈನಂದಿನ ನಿರ್ವಹಣೆಯೇ ಹೊರತು ಮಾರ್ಪಾಡಲ್ಲ. ತೆಗೆದ ಮೂಲ ಭಾಗಗಳನ್ನು ಎಸೆಯದೆ ಕಟ್ಟಿಡುವುದು ಒಳ್ಳೆಯದು.

ಅರ್ಜಿಯನ್ನು ನಮೂನೆ 20ರಲ್ಲಿ, ವಿಮಾ ಪಾಲಿಸಿ, ಶುಲ್ಕ, ಆಮದಾದ ವಾಹನವಿದ್ದಲ್ಲಿ ಬಿಲ್ ಆಫ್ ಎಂಟ್ರಿ ಹಾಗೂ ಈಗಾಗಲೇ ನೋಂದಣಿಯಾಗಿದ್ದಲ್ಲಿ ಹಳೆಯ ನೋಂದಣಿ ಪತ್ರದೊಂದಿಗೆ ಸಲ್ಲಿಸತಕ್ಕದ್ದು. ಸದರಿ ತಿದ್ದುಪಡಿಯಲ್ಲಿ ಹೊಸ ನೋಂದಣಿಗೆ 20,000 ರೂ. ಹಾಗೂ ಮರುನೋಂದಣಿಗೆ 5,000 ರೂ. ಶುಲ್ಕ ನಿಗದಿಪಡಿಸಲಾಗಿದೆ. ಇಂತಹ ವಾಹನವನ್ನು ಪ್ರದರ್ಶನ, ವಿಂಟೇಜ್ ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ ಮತ್ತು ನಿರ್ವಹಣೆಯ ಉದ್ದೇಶಗಳಿಗೆ ರಸ್ತೆಗೆ ತರಬಹುದು. ನಿತ್ಯದ ಓಡಾಟಕ್ಕಾಗಲಿ, ವಾಣಿಜ್ಯ ಉದ್ದೇಶಕ್ಕಾಗಲಿ ಬಳಸುವಂತಿಲ್ಲ.