ಕಪ್ಪು ಬಟ್ಟೆಗೆ ಬಿಳಿ ದಾರ

ನಮ್ಮ ಕಡೆಯ ಹಳೆಯ ಬೊಂತೆಗಳನ್ನು ಹೊದ್ದು ಬೆಳೆದವರಿಗೆ ಒಂದು ಸಂಗತಿ ನೆನಪಿರಬಹುದು. ಬಟ್ಟೆ ಎಷ್ಟೇ ಕಡುನೀಲಿಯಾಗಿರಲಿ, ಕಪ್ಪಾಗಿರಲಿ, ಅದರ ಮೇಲೆ ಸಾಲುಸಾಲಾಗಿ ಓಡುವ ಹೊಲಿಗೆ ಮಾತ್ರ ಬಹುಮಟ್ಟಿಗೆ ಬಿಳಿ. ಬಟ್ಟೆಯ ಬಣ್ಣಕ್ಕೆ ಹೊಂದುವ ದಾರವನ್ನು ಬಳಸಬೇಕು, ಹೊಲಿಗೆ ಕಣ್ಣಿಗೆ ಬೀಳಬಾರದು ಎಂಬುದು ದರ್ಜಿಯ ಅಂಗಡಿಯ ನಿಯಮ. ಬೊಂತೆ ಹೊಲಿದ ಹೆಂಗಸರು ಈ ನಿಯಮವನ್ನು ಏಕೆ ಪಾಲಿಸಲಿಲ್ಲ? ‘ಬಡತನ, ಸಿಕ್ಕಿದ ದಾರದಲ್ಲಿ ಹೊಲಿದರು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವವರನ್ನು ನಾನು ಕಂಡಿದ್ದೇನೆ. ಆ ಮಾತಿನಲ್ಲಿ ನಿಜದ ಅಂಶವಿದೆ. ಆದರೆ ಅಷ್ಟೇ ನಿಜವೆಂದರೆ ನಮ್ಮ ತಾಯಂದಿರ ತಿಳಿವಳಿಕೆಗೆ ಅನ್ಯಾಯ ಮಾಡಿದಂತಾಗುತ್ತದೆ.

ದೂರದ ಊರುಗಳಲ್ಲಿ ಬೆಳೆಯುತ್ತಿರುವ ನಮ್ಮ ಮೊಮ್ಮಕ್ಕಳ ಸಲುವಾಗಿ ಬೊಂತೆಯೆಂದರೇನೆಂದು ಹೇಳಿಬಿಡುತ್ತೇನೆ. ಉಟ್ಟು ಸವೆದ ಸೀರೆ, ಪಂಚೆಗಳನ್ನು ಪದರಪದರವಾಗಿ ನೆಲದ ಮೇಲೆ ಹಾಸಿ, ಹರಿದ ಕಡೆ ತೇಪೆಯಿಟ್ಟು, ಅಂಚಿನಿಂದ ಅಂಚಿಗೆ ಕೈಹೊಲಿಗೆಯಿಂದ ಒಂದಾಗಿಸಿದ ಹೊದಿಕೆಯೇ ಬೊಂತೆ. ಮುಳಬಾಗಿಲು, ಶ್ರೀನಿವಾಸಪುರಗಳ ತೆಲುಗು ಮಾತಿನ ಮನೆಗಳಲ್ಲಿ ಇದು ‘ಬೊಂತ’. ಹುಬ್ಬಳ್ಳಿ ಧಾರವಾಡಗಳ ಕಡೆ ಇದನ್ನೇ ‘ಕೌದಿ’ ಎನ್ನುತ್ತಾರೆ. ಸಂಸ್ಕೃತದ ‘ಕಂಥಾ’ ಶಬ್ದವೂ ಬಂಗಾಳದ ‘ಕಾಂಥಾ’ ಎಂಬ ಹೆಸರೂ ಇದೇ ಜಾತಿಯ ವಸ್ತುವಿಗೆ ಸೇರಿದವು. ಮೇಲ್ಪದರಕ್ಕೆ ಗಾಢ ಬಣ್ಣದ ಸೀರೆಯನ್ನೇ ಆರಿಸುತ್ತಿದ್ದುದಕ್ಕೆ ಕಾರಣ ಕೇಳಬೇಕಾಗಿಲ್ಲ. ಹೊಗೆ, ಧೂಳು, ಎಣ್ಣೆಗೂದಲು ಇವೆಲ್ಲವನ್ನೂ ತಾಳಿಕೊಂಡು ವರ್ಷಕ್ಕೆ ಒಂದೆರಡು ಸಲ ಮಾತ್ರ ಕೆರೆಯ ನೀರು ಕಾಣುವ ವಸ್ತುವದು.

ಈ ಗಾಢ ಬಟ್ಟೆಯ ಇತಿಹಾಸವೆಂದರೆ ಮುಖ್ಯವಾಗಿ ನೀಲಿಯ ಇತಿಹಾಸ. ನಮ್ಮ ಪೂರ್ವಕ್ಕೆ ಅನತಿದೂರದಲ್ಲಿರುವ ಕಡಪ ಸೀಮೆಯ ನೀಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮದ್ರಾಸಿನ ಮೂಲಕ ಹಡಗೇರುತ್ತಿತ್ತು. ಲಂಡನ್ನಿನ ವ್ಯಾಪಾರಿಗಳು ಅದನ್ನು ‘ಕುರ್ಪಾ’ ಎಂಬ ಅಪಭ್ರಂಶದ ಹೆಸರಿನಿಂದಲೇ ಗುರುತಿಸುತ್ತಿದ್ದರು. ನೀಲಿಯ ಬಾನಿಯನ್ನು ಹುಳಿಯಿಸಲು ದಕ್ಷಿಣದ ಬಣ್ಣಗಾರರು ಬೇಯಿಸಿದ ತಗಚೆ ಬೀಜವನ್ನೂ ಸುಣ್ಣವನ್ನೂ ಹಾಕುತ್ತಿದ್ದರು. ಬಟ್ಟೆಯನ್ನು ಒಂದು ಸಲ ಅದ್ದಿದರೆ ತಿಳಿನೀಲಿ. ಮತ್ತೆ ಮತ್ತೆ ಅದ್ದಿ ಗಾಳಿಗೆ ಹಿಡಿದಷ್ಟೂ ಬಣ್ಣ ಗಾಢವಾಗುತ್ತ ಹೋಗಿ, ಕೊನೆಗೆ ಕಪ್ಪೆಂದೇ ಕಣ್ಣು ನಂಬುವ ನೀಲಿ ದೊರೆಯುತ್ತದೆ. ನೀಲಿಯ ಗುಣವೇನೆಂದರೆ ಅದಕ್ಕೆ ಕಬ್ಬಿಣ, ಪಟಿಕಗಳ ಹಂಗಿಲ್ಲ. ನೂಲಿನ ಎಳೆಗೆ ತಾನಾಗಿ ಅಂಟಿಕೊಳ್ಳುತ್ತದೆ, ಎಳೆಯನ್ನು ತಿನ್ನುವುದಿಲ್ಲ. ಆದ್ದರಿಂದಲೇ ಎರಡು ತಲೆಮಾರು ಉಟ್ಟ ನೀಲಿ ಸೀರೆ ಮೂರನೆಯ ತಲೆಮಾರಿಗೆ ಬೊಂತೆಯಾಗಿ ಒದಗಬಲ್ಲದು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ನಮ್ಮ ನೀಲಿ ಬೆಳೆ ಬಿದ್ದುಹೋಯಿತು. 1914ರ ಯುದ್ಧ ಜರ್ಮನ್ ಬಣ್ಣವನ್ನು ತಡೆದಾಗ ಕೆಲವು ಕಾಲ ತಲೆಯೆತ್ತಿ ಮತ್ತೆ ಮಲಗಿತು.

ಅಪ್ಪಟ ಕಪ್ಪಿನ ಕಥೆಯೇ ಬೇರೆ. ಹತ್ತಿಗೆ ಕಪ್ಪು ಹಾಕುವ ಹಳೆಯ ದಾರಿಯೆಂದರೆ ಅಳಲೆಕಾಯಿಯ ಒಗರು ಮತ್ತು ಕಬ್ಬಿಣ. ನಮಗೆ ನೆರೆಯ ಶ್ರೀಕಾಳಹಸ್ತಿಯ ಕಲಂಕಾರಿ ಕುಶಲಿಗಳು ಇಂದಿಗೂ ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ವಾರಗಟ್ಟಲೆ ಹುಳಿಯಿಸಿ, ಆ ನೀರಿನಿಂದ ಅಳಲೆಕಾಯಿಯಲ್ಲಿ ನೆನೆಸಿದ ಬಟ್ಟೆಯ ಮೇಲೆ ಬರೆಯುತ್ತಾರೆ. ಬರೆದೊಡನೆ ಗೆರೆ ಕಪ್ಪಾಗುತ್ತದೆ. ನೋಡಲು ಸೊಗಸು. ಆದರೆ ಕಬ್ಬಿಣ ಕಾಲಕ್ರಮದಲ್ಲಿ ಹತ್ತಿಯನ್ನು ತಿಂದುಹಾಕುತ್ತದೆ. ಯೂರೋಪಿನ ವಸ್ತುಸಂಗ್ರಹಾಲಯಗಳಲ್ಲಿರುವ ಕೋರಮಂಡಲ ತೀರದ ಇನ್ನೂರು ಮುನ್ನೂರು ವರ್ಷಗಳ ಹಿಂದಿನ ಚೀಟಿಬಟ್ಟೆಗಳಲ್ಲಿ ಕೆಂಪು, ನೀಲಿ ಹೂಗಳು ನಗುತ್ತಿರುವಾಗಲೇ ಅವುಗಳ ಸುತ್ತಲಿನ ಕಪ್ಪು ಗೆರೆಗಳು ಎಷ್ಟೋ ಕಡೆ ಉದುರಿಹೋಗಿವೆ. ಅನ್ನಭೇದಿ ಹಾಕಿ ಕಾಯಿಸಿದ ಹಳೆಯ ಶಾಯಿ ಕಾಗದವನ್ನು ತೂತು ಮಾಡುವುದೂ ಇದೇ ಕಾರಣದಿಂದಲೇ. ಹಳೆಯ ದಫ್ತರಗಳನ್ನು ಬಿಚ್ಚಿದವರು ಅಕ್ಷರಗಳಿರುವಷ್ಟೇ ಜಾಗ ಜಾಲರಿಯಾಗಿರುವುದನ್ನು ಕಂಡಿರುತ್ತಾರೆ. ಮುಂದೆ 1893ರಲ್ಲಿ ಫ್ರಾನ್ಸಿನ ವಿಡಾಲ್ ಎಂಬಾತ ಗಂಧಕದಿಂದ ಹೊಸ ಕಪ್ಪು ಬಣ್ಣವನ್ನು ತಯಾರಿಸಿದ. ಅಗ್ಗದ ಬೆಲೆಗೆ ಗಟ್ಟಿ ಕಪ್ಪು ದೊರೆಯಿತು. ಆದರೆ ಸರಿಯಾಗಿ ತೊಳೆಯದಿದ್ದರೆ ಬಟ್ಟೆಯಲ್ಲುಳಿದ ಗಂಧಕ ತೇವದಲ್ಲಿ ಆಮ್ಲವಾಗಿ, ಪೆಟ್ಟಿಗೆಯಲ್ಲಿಟ್ಟಲ್ಲಿಯೇ ನೂಲು ಸಡಿಲವಾಗುತ್ತದೆ. ಅಗಲವಾದ ಬಟ್ಟೆಯಾದರೆ ನೂರಾರು ಎಳೆಗಳು ಭಾರ ಹಂಚಿಕೊಂಡಾವು. ಒಂಟಿಯಾಗಿ ಆರು ಪದರಗಳನ್ನು ಹಿಡಿದಿರಬೇಕಾದ ಹೊಲಿಗೆಯ ದಾರಕ್ಕೆ ಆ ಭಾಗ್ಯವಿಲ್ಲ. ‘ಕರೀ ದಾರ ಬಾಳಿಕೆ ಬರೊಲ್ಲ, ಪಟ್ ಅಂತ ಹೋಗ್ತದೆ’ ಎಂದು ನಮ್ಮ ತಾಯಿ ಹೇಳುತ್ತಿದ್ದುದನ್ನು ನಾನು ಬಹುಕಾಲ ಮೂಢನಂಬಿಕೆಯ ಲೆಕ್ಕದಲ್ಲಿಟ್ಟಿದ್ದೆ. ರಸಾಯನಶಾಸ್ತ್ರ ಅವರ ಪರ ನಿಂತಿತು.

ಇದಕ್ಕೆ ಎದುರಾಗಿ ಕಂಬಳಿಯನ್ನು ನೋಡಿ. ಕಂಬಳಿಯೂ ಕಪ್ಪೇ. ಆದರೆ ಅದು ದಖ್ಖನಿನ ಕುರಿಯ ಮೈಬಣ್ಣ, ಬಣ್ಣದ ಬಾನಿಯನ್ನು ಕಂಡ ಕಪ್ಪಲ್ಲ. ಗುಂಡಿಮಗ್ಗದಲ್ಲಿ ನೇಯ್ದ ಕಿರಿದಾದ ಪಟ್ಟಿಗಳನ್ನು ಜೋಡಿಸುವಾಗ ಕುರುಬರು ಅದೇ ಕರಿಯ ಉಣ್ಣೆಯ ನೂಲನ್ನು ಬಳಸುತ್ತಿದ್ದರು. ಮೇಲೆ ಹುಣಿಸೆಬೀಜದ ಗಂಜಿ ಬಳಿದರಂತೂ ಜೋಡಣೆ ಎಲ್ಲಿದೆಯೆಂದು ಹುಡುಕಬೇಕು. ಹುಣಿಸೆಗೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಂದೂ ಬರವಿರಲಿಲ್ಲ. ಹುಟ್ಟುಗಪ್ಪಿನ ಎಳೆ ಗಟ್ಟಿ, ಆದ್ದರಿಂದ ಅಲ್ಲಿ ಕಪ್ಪಿಗೆ ಕಪ್ಪು. ಹಾಕಿದ ಕಪ್ಪು ದುರ್ಬಲ, ಆದ್ದರಿಂದ ಇಲ್ಲಿ ಕಪ್ಪಿಗೆ ಬಿಳಿ. ಒಂದೇ ಊರಿನಲ್ಲಿ, ಅನೇಕ ವೇಳೆ ಒಂದೇ ಮನೆಯಲ್ಲಿ, ಎರಡೂ ಪದ್ಧತಿಗಳು ಅಕ್ಕಪಕ್ಕದಲ್ಲಿದ್ದವು. ಬಣ್ಣಕ್ಕಿಂತ ಎಳೆಯ ಕಸುವನ್ನು ನೋಡಿ ದಾರ ಆರಿಸುತ್ತಿದ್ದರೆಂದು ನಾನು ನಂಬಲು ಇದೇ ಮುಖ್ಯ ಆಧಾರ.

ಇನ್ನು ಬಿಳಿ ದಾರ ಎಲ್ಲಿಂದ ಬರುತ್ತಿತ್ತು? ಮೊದಲು ಮನೆಯ ರಾಟೆಯಿಂದ. ಒಂಟಿ ನೂಲು ಸಾಲದೆ ಎರಡೆಳೆ, ನಾಲ್ಕೆಳೆ ಹುರಿ ಮಾಡಿ, ಜೇನುಮೇಣ ಸವರಿ ಬಳಸಬೇಕಾಗಿತ್ತು. ಅದಕ್ಕೆ ಬಣ್ಣ ಹಾಕಿಸುವುದೆಂದರೆ ನೀಲಗಾರನಿಗೆ ಕೂಲಿ ಕೊಡಬೇಕು. ಮುಂದೆ 1864ರಲ್ಲಿ ಜೋಲಾರಪೇಟೆಯಿಂದ ಮಾಲೂರಿನ ಮೂಲಕ ಬೆಂಗಳೂರಿನ ದಂಡಿಗೆ ರೈಲು ಬಂದಿತು. ಮದ್ರಾಸಿನ ಬಂದರಿನಲ್ಲಿಳಿದ ಸೀಮೆಯ ಸರಕು ನಮ್ಮ ಸಂತೆಗಳಿಗೆ ಹತ್ತಿರವಾಯಿತು. ಆ ಸರಕಿನಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಊರಿನ ದಾರವೂ ಒಂದು. ನೆಪೋಲಿಯನ್ನನ ಯುದ್ಧದಿಂದ ರೇಷ್ಮೆ ಸಿಗದಂತಾದಾಗ ಕ್ಲಾರ್ಕ್ ಮನೆತನದವರು ಹತ್ತಿಯನ್ನೇ ನುಣುಪಾಗಿ ಹುರಿಗೊಳಿಸಿ 1812ರಲ್ಲಿ ದಾರದ ಗಿರಣಿ ಹಾಕಿದರು. ಅದೇ ಊರಿನ ಕೋಟ್ಸ್ ಮನೆತನ 1826ರಲ್ಲಿ ಇನ್ನೊಂದು ಗಿರಣಿ ತೆರೆಯಿತು. 1896ರಲ್ಲಿ ಎರಡೂ ಒಂದಾದವು. ನಮ್ಮವರು ಮಿಷನ್ ದಾರವೆಂದು ಕೊಳ್ಳುತ್ತಿದ್ದ ಮಧುರಾ ಕೋಟ್ಸ್ ರೀಲು ಈ ವಂಶದ್ದೇ. ಮಧುರೆಯ ಗಿರಣಿಯೊಡನೆ ಆ ಕಂಪನಿ ಸೇರಿಕೊಂಡದ್ದು 1974ರಲ್ಲಿ. ಒಂದು ಪೌಂಡು ನೂಲಿನಲ್ಲಿ 840 ಗಜದ ಲಡಿಗಳು ಎಷ್ಟಿವೆಯೋ ಅದೇ ನೂಲಿನ ನಂಬರು ಎಂಬ ಇಂಗ್ಲಿಷರ ಲೆಕ್ಕವೂ ಹೀಗೆಯೇ ಬಂದಿತು. ನಂಬರು ಏರಿದಷ್ಟೂ ನೂಲು ಸಣ್ಣ. ರವಿಕೆಗೆ ನಲವತ್ತು, ಅರವತ್ತು. ಬೊಂತೆಗೆ ಹತ್ತು, ಇಪ್ಪತ್ತು.

ಆದರೂ ಕೊಂಡ ದಾರ ಬೊಂತೆಗೆ ಬೀಳುತ್ತಿದ್ದುದು ಕಡಿಮೆಯೇ. 1960ರ ದಶಕದಲ್ಲಿ ಶಾಲೆಗಳಲ್ಲಿ ಕೇರ್ ಸಂಸ್ಥೆಯ ಉಪ್ಪಿಟ್ಟು ತಿಂದವರು ನನ್ನ ಓದುಗರಲ್ಲಿ ಅನೇಕರಿದ್ದಾರೆ. ಆ ಗೋಧಿರವೆಯ ಚೀಲಗಳ ಬಾಯಿ ಹೊಲಿದಿದ್ದುದು ದಪ್ಪ ಬಿಳಿ ಹತ್ತಿ ದಾರದಲ್ಲಿ, ಸರಪಳಿ ಹೊಲಿಗೆಯಲ್ಲಿ. ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಒಂದೇ ಉದ್ದಕ್ಕೆ ಬಿಚ್ಚಿಕೊಳ್ಳುತ್ತಿತ್ತು. ತಪ್ಪು ತುದಿ ಹಿಡಿದರೆ ಗಂಟು! ಆ ದಾರವನ್ನು ಉಂಡೆಗಟ್ಟಿ ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದ ಅಡುಗೆಯಮ್ಮನ ಮನೆಯ ಬೊಂತೆಯಲ್ಲಿ ಅದೇ ದಾರ ಓಡಾಡಿದ್ದನ್ನು ನಾನು ನೋಡಿದ್ದೇನೆ. ಕೆಲವು ಒಗೆತಗಳಲ್ಲಿ ಸೀರೆಯ ನೀಲಿ ಬಿಟ್ಟು ಆ ಬಿಳಿ ಎಳೆಗೆ ತಾಗಿ, ದಾರ ತಾನಾಗಿ ತಿಳಿನೀಲಿಯಾಗಿತ್ತು.

ಮತ್ತೊಂದು ಕಾರಣ ಬೆಳಕು. ಹೊಲದ ಕೆಲಸ ಮುಗಿದು, ಮುದ್ದೆ ಸಾರು ಆಗಿ, ಮಕ್ಕಳು ಮಲಗಿದ ಮೇಲೆ ಬೊಂತೆಯ ಕೆಲಸ. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಕಡುನೀಲಿಯ ಮೇಲೆ ಕಪ್ಪು ದಾರವಿಟ್ಟರೆ ಹಿಂದಿನ ಹೊಲಿಗೆ ಎಲ್ಲಿ ಮುಗಿಯಿತೆಂಬುದೇ ಕಾಣದು. ಶಿವನಸಮುದ್ರದಿಂದ ಸುಮಾರು 92 ಮೈಲಿ ತಂತಿ ಎಳೆದು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಕೊಟ್ಟ ಜಿಲ್ಲೆ ನಮ್ಮದು, ಪಾಠಪುಸ್ತಕದಲ್ಲಿ ಹೆಮ್ಮೆಯಿಂದ ಓದಿಸಿದ್ದೇನೆ. ಅದೇ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಮುಂದೆ ಅರ್ಧ ಶತಮಾನ ಬುಡ್ಡಿಯೇ ಉರಿಯಿತು. ಬಿಳಿ ದಾರ ಆ ಕತ್ತಲೆಗೂ ಸಾಕ್ಷಿ.

ಅಗತ್ಯದಿಂದ ಬಂದದ್ದು ಕ್ರಮೇಣ ಕಣ್ಣಿಗೆ ರುಚಿಸತೊಡಗುತ್ತದೆ. ಬಿಳಿ ಸಾಲು ಕಾಣಿಸುತ್ತದೆಂದ ಮೇಲೆ ಅದು ನೆಟ್ಟಗಿರಲಿ ಎಂಬ ಆಸೆ ಹುಟ್ಟುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಂಗಸರ ಕೌದಿಗಳಲ್ಲಿ ಹೊಲಿಗೆ ಒಂದು ಮೂಲೆಯಿಂದ ಹೊರಟು ಅಂಚುಗಳನ್ನು ಸುತ್ತುತ್ತ ನಡುವಿಗೆ ಬಂದು ಸೇರುತ್ತದೆ. ಎದ್ದು ಕಾಣುವ ಆ ದಪ್ಪ ಹೊಲಿಗೆ ಬಣ್ಣಬಣ್ಣದ ತೇಪೆಗಳನ್ನೆಲ್ಲ ಒಂದೇ ಉಸಿರಿಗೆ ಸೇರಿಸುತ್ತದೆ. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅವರ ಆಸಕ್ತಿಯಿಂದ 2004ರಲ್ಲಿ ಈ ಹೆಂಗಸರ ಸಹಕಾರ ಸಂಘವೂ ಆಯಿತು. ಧಾರವಾಡ ಸೀಮೆಯ ಚಂದ್ರಕಾಳಿ ಸೀರೆಯಂತೂ ಕಪ್ಪಿನ ಮೇಲೆ ಬಿಳಿಯ ಬೆಡಗನ್ನು ಮದುವೆಯ ಮಂಟಪಕ್ಕೇ ಏರಿಸಿತು. ಗೌಂತಿ, ಮುರ್ಗಿ, ನೇಗಿ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳ ಕಸೂತಿಯಲ್ಲಿ ಬಟ್ಟೆಯ ಎಳೆಯನ್ನೆಣಿಸಿ ಗೋಪುರ, ತೇರು, ತುಳಸಿಕಟ್ಟೆಗಳನ್ನು ಮೂಡಿಸುತ್ತಾರೆ. ಕಸೂತಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ನಮ್ಮ ಕೋಲಾರದ ಬೊಂತೆಗೆ ಅಂಥ ಮಾನ್ಯತೆಯಾಗಲಿ ಸಂಘವಾಗಲಿ ಇಲ್ಲ. ಅದು ಮಾರಾಟದ ವಸ್ತುವಾಗಲಿಲ್ಲ. ಅಂಗಡಿಯ ರಗ್ಗು ಮನೆಗೆ ಬಂದ ದಿನ ಹಸುವಿನ ಕೊಟ್ಟಿಗೆಗೆ ಹೋಯಿತು.

ಇಷ್ಟೆಲ್ಲ ಬರೆಯಲು ಕಾರಣ ಮುಳಬಾಗಿಲಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ. ಅಜ್ಜಿಯ ಕಡುನೀಲಿ ಬೊಂತೆಯೊಂದು ಕೊಟ್ಟಿಗೆಗೆ ಹೋಗದೆ ಅವಳ ಪಾಲಿಗೆ ಉಳಿದಿದೆ. ಹೊಲಿಗೆ ಅಲ್ಲಲ್ಲಿ ಬಿಟ್ಟಿದೆ. ‘ಟೀಚರ್, ಕಪ್ಪು ಪಾಲಿಯೆಸ್ಟರ್ ದಾರದಲ್ಲಿ ಹೊಲಿದರೆ ಗಟ್ಟಿಯೂ ಇರುತ್ತದೆ, ರಿಪೇರಿ ಮಾಡಿದ್ದು ಕಾಣುವುದೂ ಇಲ್ಲ ಅಲ್ಲವೇ?’ ಎಂದು ಕೇಳಿದ್ದಳು. ಕಾಣುವುದಿಲ್ಲವೆಂಬುದು ನಿಜ. ಪಾಲಿಯೆಸ್ಟರಿಗೆ ಕಬ್ಬಿಣ, ಗಂಧಕಗಳ ಭಯವೂ ಇಲ್ಲ. ತೊಂದರೆ ಇರುವುದು ಅದರ ಗಟ್ಟಿತನದಲ್ಲಿಯೇ. ಸವೆದ ಸೀರೆಗಿಂತ ಬಲವಾದ ದಾರ ಹಾಕಿದರೆ, ಎಳೆದಾಟವಾದಾಗ ದಾರ ಉಳಿದು ಬಟ್ಟೆ ಸೀಳುತ್ತದೆ. ಹತ್ತಿಯ ದಾರವಾದರೆ ತಾನು ಮೊದಲು ಹರಿಯುತ್ತದೆ. ಹರಿದ ದಾರವನ್ನು ಮತ್ತೆ ಪೋಣಿಸಬಹುದು, ಸೀಳಿದ ಸೀರೆಯನ್ನು ನೇಯಲಾಗದು.

ಆದ್ದರಿಂದ ಬಿಳಿ ಹತ್ತಿ ದಾರ ತೆಗೆದುಕೊಳ್ಳಮ್ಮಾ ಎಂದೆ. ದಪ್ಪನೆಯದು, ಹೆಚ್ಚು ಮಿರುಗದಿರುವುದು. ಅಂಗಡಿಯವನ ಮಾತನ್ನೇ ನಂಬಬೇಡ, ಒಂದು ಗೇಣು ತುಂಡನ್ನು ಉರಿಸಿ ನೋಡು. ಹತ್ತಿಯಾದರೆ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ, ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅಜ್ಜಿಯ ದಾರವನ್ನು ಬಿಚ್ಚದೆ, ಬಿಟ್ಟುಹೋದ ಕಡೆ ಮಾತ್ರ ಹಳೆಯ ತೂತುಗಳಲ್ಲಿಯೇ ಸೂಜಿ ಹಾಯಿಸು. ಹೊಸ ದಾರ ಮೊದಲು ಬೆಳ್ಳಗೆ ಎದ್ದು ಕಂಡೀತು, ಕಾಣಲಿ. ಎಲ್ಲಿಯವರೆಗೆ ಅಜ್ಜಿಯದು, ಎಲ್ಲಿಂದ ನಿನ್ನದು ಎಂದು ನಿನ್ನ ಮಗಳಿಗೆ ತಿಳಿಯಬೇಡವೇ?

ಮಾಲೂರು, ಶ್ರೀನಿವಾಸಪುರಗಳ ಕಡೆಯ ನಮ್ಮ ಬಂಧುಗಳ ಅಟ್ಟಗಳಲ್ಲಿ ಇನ್ನೂ ಒಂದೆರಡು ಬೊಂತೆಗಳಿರಲೇಬೇಕು. ಈ ಸಂಕ್ರಾಂತಿಗೆ ಊರಿಗೆ ಹೋದವರು ಅವನ್ನು ಬಿಸಿಲಿಗೆ ಹಾಕಿ, ಮೇಲ್ಪದರದ ಬಣ್ಣ ಯಾವುದು, ದಾರ ಎಷ್ಟೆಳೆಯದು, ಹೊಲಿದವರು ಯಾರು ಎಂಬುದನ್ನು ಕೇಳಿ ಬರೆದುಕೊಂಡು ಬಂದು ನನಗೆ ತಿಳಿಸಿರಿ. ಹೊಲಿದವರ ಹೆಸರನ್ನು ಮೊದಲು ಕೇಳಿರಿ.