ಕ್ರಿಮಿನಲ್: ಗುಣವೋ, ಹೆಸರೋ?

ಇಂಗ್ಲಿಷಿನ ‘ಕ್ರಿಮಿನಲ್’ ಮೊದಲು ಬರೀ ವಿಶೇಷಣ. ಅದು ಮನುಷ್ಯನನ್ನೇ ಸೂಚಿಸುವ ನಾಮಪದವೂ ಆದದ್ದು 17ನೆಯ ಶತಮಾನದಲ್ಲಿ. ರೂಪ ಮಾತ್ರ ಬದಲಾಗಲಿಲ್ಲ. ‘ಕ್ರಿಮಿನಲ್ ಲಾಯರ್’ ಎಂದರೆ ಈಗಲೂ ಕೆಲವರಿಗೆ ನಗು ಬರುವುದು ಅದಕ್ಕೇ. ಕನ್ನಡದಲ್ಲಿ ‘ಅಪರಾಧದ’, ‘ಅಪರಾಧಿ’ ಎರಡೂ ಬೇರೆ. ಅನುವಾದಿಸುವವರು ಒಂದನ್ನು ಆರಿಸಲೇಬೇಕು.

1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಗೆ ಬಂದರೆ ಈ ನಗು ನಿಲ್ಲುತ್ತದೆ. ವ್ಯಾಕರಣದ ಲೆಕ್ಕದಲ್ಲಿ ಅಲ್ಲಿಯೂ ಅದು ವಿಶೇಷಣವೇ. ಆದರೆ ಸರ್ಕಾರ ಒಂದು ಸಮುದಾಯವನ್ನು ಹಾಗೆಂದು ಘೋಷಿಸಿದರೆ ಮುಗಿಯಿತು: ಅದರಲ್ಲಿ ಹುಟ್ಟಿದವರ ಹೆಸರು ರಿಜಿಸ್ಟರಿಗೆ ಹೋಗುತ್ತಿತ್ತು, ಪಾಸಿಲ್ಲದೆ ಗೊತ್ತುಮಾಡಿದ ಗಡಿ ದಾಟುವಂತಿರಲಿಲ್ಲ. ಘೋಷಣೆ ಸರಿಯೇ ಎಂದು ಕೋರ್ಟು ಕೂಡ ಕೇಳುವಂತಿರಲಿಲ್ಲ. ಕದ್ದು ಸಿಕ್ಕಿಬಿದ್ದವನಿಗೆ ವಿಚಾರಣೆಯಾದರೂ ಇತ್ತು. ಈ ಹಣೆಪಟ್ಟಿಗೆ ಅದೂ ಇರಲಿಲ್ಲ.

ಕಾಯ್ದೆ ರದ್ದಾದದ್ದು 1952ರಲ್ಲಿ. ಆಮೇಲೆ ಈ ಸಮುದಾಯಗಳಿಗೆ ಬಂದ ಇಂಗ್ಲಿಷ್ ಹೆಸರು ‘ಡಿನೋಟಿಫೈಡ್’, ಮತ್ತೊಂದು ವಿಶೇಷಣ. ಪಟ್ಟಿಯಿಂದ ತೆಗೆದೆವೆಂದು ಹೇಳುತ್ತಲೇ ಅದು ಹಳೆಯ ಪಟ್ಟಿಯನ್ನು ನೆನಪಿಸುತ್ತದೆ. ಕನ್ನಡದಲ್ಲಿ ಬಳಕೆಯಲ್ಲಿರುವ ‘ವಿಮುಕ್ತ’ ಬಿಡುಗಡೆಯನ್ನಷ್ಟೇ ಹೇಳುತ್ತದೆ; ಅನುವಾದ ಮೂಲಕ್ಕಿಂತ ಮರ್ಯಾದೆಯಿಂದ ನಡೆದುಕೊಂಡ ಅಪರೂಪದ ಸಂದರ್ಭ ಇದು. ಆದರೆ ಹುಬ್ಬಳ್ಳಿಯಲ್ಲಿ ಆ ಕಾಯ್ದೆಯಡಿ ಜನರನ್ನು ಕೂಡಿಹಾಕಿದ್ದ ಜಾಗಕ್ಕೆ ಇವತ್ತಿಗೂ ‘ಸೆಟ್ಲಮೆಂಟ್’ ಎಂದೇ ಹೆಸರು.