ಕುಸುರಿ
ಹಳಗನ್ನಡದಲ್ಲಿ 'ಕುಸುರಿದರಿ' ಎಂದರೆ ಚೂರುಚೂರಾಗಿ ಕಡಿ. ಯುದ್ಧವರ್ಣನೆಯ ಮಾತು! ಆ 'ಸಣ್ಣ' ಎಂಬ ಅರ್ಥವೇ 'ಕುಸುರಿ ಕೆಲಸ'ದಲ್ಲೂ ಇದೆ. ಕಡಿಯುವ ಪದ ಕೆತ್ತನೆಗೆ ಒದಗಿದ್ದು ಚೆಂದವೇ. ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿರುವ ಹೊಯ್ಸಳರ ಕಾಲದ ಮಲ್ಲಿಕಾರ್ಜುನ ಗುಡಿಯಲ್ಲಿ (1234) ಬಳಪದ ಕಲ್ಲಿನ ಮೂರ್ತಿಗಳ ಒಡವೆಯಲ್ಲೂ ಕುಸುರಿಯಿದೆ.

ಇಂಥ ಕುಸುರಿ ಕಲ್ಲಿಗಷ್ಟೇ ಸೀಮಿತವಲ್ಲ. ಕಂಪ್ಯೂಟರ್‌ನಲ್ಲಿ ಆಕಾರ ರೂಪಿಸುವವರೂ ಮೊದಲು ನುಣುಪಾದ ಮೈ ಕಟ್ಟಿ, ಆಮೇಲೆ ಉಬ್ಬುತಗ್ಗು ಕೂಡಿಸುತ್ತಾರೆ. 1978ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞ ಜೇಮ್ಸ್ ಬ್ಲಿನ್ ತೋರಿಸಿಕೊಟ್ಟ 'ಬಂಪ್ ಮ್ಯಾಪಿಂಗ್' ನೆರಳು ಬೆಳಕಿನ ಲೆಕ್ಕ ಬದಲಿಸಿ ಕಣ್ಣನ್ನು ಏಮಾರಿಸುತ್ತದೆ, ಅಷ್ಟೆ. ಅಂಚು ನೋಡಿದರೆ ನುಣ್ಣಗೇ ಇರುತ್ತದೆ. 'ಡಿಸ್‌ಪ್ಲೇಸ್‌ಮೆಂಟ್ ಮ್ಯಾಪಿಂಗ್'ನಲ್ಲಿ ಮೈಯೇ ಏಳುತ್ತದೆ, ಸಂಕ್ರಾಂತಿಯ ಕುಸುರೆಳ್ಳಿನ ಸಕ್ಕರೆ ಮುಳ್ಳಿನ ಹಾಗೆ. ಕುಸುರಿ ಎಂಬ ಹೆಸರು ಈ ಎರಡನೆಯದಕ್ಕೇ ಸಲ್ಲಬೇಕು.